ಮೂರು ನಾಡುಗಳ ಸಸಿಮಡಿ

ದೇಶಾಂತರ ಹೋಗಿ ಬಂದವರು ಅಲ್ಲಿಯ ಕೋಟೆಕೊತ್ತಲಗಳನ್ನೂ ಅರಮನೆಗಳನ್ನೂ ವರ್ಣಿಸಿ ಬರೆಯುವುದು ವಾಡಿಕೆ. ನಾವು ಈಗ ಬರೆಯಹೊರಟಿರುವುದು ಮೂರು ಆಟದ ಬಯಲುಗಳ ವಿಚಾರ. ಇದಕ್ಕೆ ಕಾರಣ ನಮ್ಮ ಅಣ್ಣನವರು. 2024-25ರ ಚಳಿಗಾಲದಲ್ಲಿ ನಾವೂ ನಮ್ಮ ಮನೆಯವರೂ ಬ್ರಿಟನ್ ಮತ್ತು ಐರ್ಲೆಂಡುಗಳ ಪ್ರವಾಸಕ್ಕೆಂದು ಹೊರಟಾಗ ಅವರು ವಿಮಾನ ನಿಲ್ದಾಣದವರೆಗೂ ಬಂದು, ಚಕ್ಕುಲಿ ಕೋಡುಬಳೆಗಳ ಡಬ್ಬವೊಂದನ್ನು ಕೈಗೆ ಕೊಟ್ಟು, ನಮ್ಮನ್ನು ಮೆಲ್ಲನೆ ಪಕ್ಕಕ್ಕೆ ಕರೆದರು. ಅವರ ಮಗಳು ವೇಲ್ಸ್ ನಾಡಿನ ರಾಜಧಾನಿಯಾದ ಕಾರ್ಡಿಫ್ ನಗರದಲ್ಲಿ ಓದುತ್ತಿರುವಳು.

“ತಮ್ಮಾ, ಓದಲು ಹೋದ ಹುಡುಗಿ ಈಗ ರಗ್ಬಿ ಆಡುತ್ತಾಳಂತೆ. ಒಬ್ಬರ ಮೇಲೊಬ್ಬರು ಬಿದ್ದು ಮೂಳೆ ಮುರಿದುಕೊಳ್ಳುವ ಆಟವಂತೆ. ನಾನು ಹೇಳಿದರೆ ಕೋಪ ಬರುತ್ತದೆ. ನಿನ್ನ ಮಾತು ಕೇಳುತ್ತಾಳೆ. ಬುದ್ಧಿ ಹೇಳಿ ಬಿಡಿಸಿ ಬಾ” ಎಂದರು.

ಹಿರಿಯರ ಮಾತು. ಆಗಲೆಂದು ಒಪ್ಪಿಕೊಂಡು ವಿಮಾನವನ್ನೇರಿದೆವು.

ಕಾರ್ಡಿಫ್ ನಗರವು ಟ್ಯಾಫ್ ಎಂಬ ನದಿಯ ದಡದಲ್ಲಿರುವುದು. ಅಲ್ಲಿ ಕಾಲಿಟ್ಟೊಡನೆ ಕನ್ನಡಿಗರ ಕಣ್ಣಿಗೆ ಮೊದಲು ಬೀಳುವುದು ಬೀದಿಯ ಹಲಗೆಗಳು. ಪ್ರತಿಯೊಂದರಲ್ಲಿಯೂ ವೇಲ್ಸ್ ಭಾಷೆಯೂ ಇಂಗ್ಲಿಷೂ ಒಟ್ಟಿಗೆ ಬರೆದಿರುವುವು. ರಸ್ತೆಯ ತಿರುವುಗಳಲ್ಲಿ ‘ಅರಾವ್’ ಎಂದು ದೊಡ್ಡ ಅಕ್ಷರಗಳಲ್ಲಿ ಬಳಿದಿರುವರು. ‘ನಿಧಾನ’ವೆಂದು ಅದರ ಅರ್ಥ. ನೆರೆಯ ದೊಡ್ಡ ಭಾಷೆಯ ನೆರಳಿನಲ್ಲಿ ಬಾಳುತ್ತಲೇ ತನ್ನ ನುಡಿಯನ್ನು ಬಿಡದ ಈ ಸಣ್ಣ ನಾಡಿನ ಮೇಲೆ ನಮಗೆ ಆಗಲೇ ಅಭಿಮಾನವುಂಟಾಯಿತು.

ನಿಲ್ದಾಣಕ್ಕೆ ಬಂದಿದ್ದ ನಮ್ಮ ಅಣ್ಣನ ಮಗಳ ಎಡಗೈಯ ಎರಡು ಬೆರಳುಗಳು ಪಟ್ಟಿಯಲ್ಲಿ ಸುತ್ತಿದ್ದವು. ಮೊಣಕೈಯಲ್ಲಿ ಹಾಗಲಕಾಯಿಯ ಬಣ್ಣದ ಕಂದು. ನಮ್ಮ ಮನೆಯವರು “ಅಯ್ಯೋ, ಇದೇನೇ ಇದು!” ಎಂದು ಅಲ್ಲಿಯೇ ನಿಂತುಬಿಟ್ಟರು. ಅವಳು ನಕ್ಕು, “ಏನೂ ಇಲ್ಲ ಚಿಕ್ಕಮ್ಮ, ನೀವು ಮೊದಲು ಚಕ್ಕುಲಿ ತೆಗೆಯಿರಿ” ಎಂದಳು. ನಾವು ತಂದಿದ್ದ ಬುದ್ಧಿಮಾತನ್ನು ಆ ಹೊತ್ತು ಹೇಳುವ ಸಂದರ್ಭ ಒದಗಲಿಲ್ಲ.

ಮರುದಿನ ಬೆಳಿಗ್ಗೆ ಅವಳೇ ನಮ್ಮನ್ನು ಕಾರ್ಡಿಫ್ ಆರ್ಮ್ಸ್ ಪಾರ್ಕಿಗೆ ಕರೆದೊಯ್ದಳು. ಇದು ನಗರದ ನಡುವೆಯೇ, ಬೃಹತ್ತಾದ ರಾಷ್ಟ್ರೀಯ ಕ್ರೀಡಾಂಗಣದ ಮಗ್ಗುಲಿಗೆ ಅಂಟಿಕೊಂಡಿರುವ ಹಳೆಯ ಬಯಲು. ದೊಡ್ಡಣ್ಣನ ಪಕ್ಕದಲ್ಲಿ ಕೂತ ತಂಗಿಯಂತೆ ಕಾಣುವುದು. ನೋಡಲು ಅಲ್ಲಿ ಹುಲ್ಲು, ಬೆಂಚುಗಳ ಸಾಲು, ಮಳೆ, ಬೇರೇನೂ ಇಲ್ಲ. ಆದರೆ ಆ ಹುಲ್ಲಿಗೆ ಒಂದು ಚರಿತ್ರೆಯುಂಟು.

1917ರ ಡಿಸೆಂಬರಿನಲ್ಲಿ, ಮೊದಲ ಮಹಾಯುದ್ಧವು ನಡೆಯುತ್ತಿದ್ದಾಗ, ಗಂಡಸರ ಕೆಲಸಗಳನ್ನು ವಹಿಸಿಕೊಂಡಿದ್ದ ಕಾರ್ಡಿಫ್ ಮತ್ತು ನ್ಯೂಪೋರ್ಟ್ ಊರುಗಳ ಹೆಂಗಸರು ಇಲ್ಲಿಯೇ ಎದುರುಬದುರಾಗಿ ರಗ್ಬಿ ಆಡಿದರು. ನ್ಯೂಪೋರ್ಟಿನವರು 6-0 ಅಂಕಗಳಿಂದ ಗೆದ್ದರು. ಸೋತ ಪಕ್ಷದಲ್ಲಿ ಆಡಿದ್ದ ಮರಾಯಾ ಈಲಿ ಎಂಬಾಕೆ 106 ವರ್ಷಗಳ ಕಾಲ ಬದುಕಿ, ಮುಪ್ಪಿನಲ್ಲಿಯೂ ಆ ದಿನವನ್ನು ಸಂತೋಷದಿಂದ ನೆನೆಯುತ್ತಿದ್ದರಂತೆ. ಯುದ್ಧ ಮುಗಿಯಿತು, ಗಂಡಸರು ಹಿಂದಿರುಗಿದರು, ಹೆಂಗಸರ ಆಟವೂ ನಿಂತಿತು.

ಮತ್ತೆ ಅದೇ ಬಯಲಿಗೆ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಬಂದುದು 1991ರ ಏಪ್ರಿಲಿನಲ್ಲಿ, ಮೊದಲನೆಯ ಮಹಿಳಾ ವಿಶ್ವಕಪ್ ಪಂದ್ಯಾವಳಿಯ ಕಾಲದಲ್ಲಿ. ಲಂಡನ್ನಿನ ರಿಚ್ಮಂಡ್ ಕ್ಲಬ್ಬಿನಲ್ಲಿ ಆಡುತ್ತಿದ್ದ ಡೆಬೊರಾ ಗ್ರಿಫಿನ್, ಸ್ಯೂ ಡಾರಿಂಗ್ಟನ್, ಆಲಿಸ್ ಕೂಪರ್, ಮೇರಿ ಫಾರ್ಸೈತ್ ಎಂಬ ನಾಲ್ವರು ತಮ್ಮ ಉದ್ಯೋಗಗಳ ನಡುವೆ ಬಿಡುವು ಮಾಡಿಕೊಂಡು ಇದನ್ನು ಏರ್ಪಡಿಸಿದರು. ಹಣ ಕೊಡುವ ದೊಡ್ಡ ಪೋಷಕರಾರೂ ಇರಲಿಲ್ಲ. ಆದರೂ 12 ದೇಶಗಳ ಪಡೆಗಳು ಬಂದವು. ಸೋವಿಯತ್ ದೇಶದ ತರುಣಿಯರು ಕೈಯಲ್ಲಿ ಕಾಸಿಲ್ಲದೆ, ಮಾರಿ ಖರ್ಚಿಗೆ ಮಾಡಿಕೊಳ್ಳಲೆಂದು ತಮ್ಮ ನಾಡಿನ ಮದ್ಯ ಮುಂತಾದ ಸರಕನ್ನು ಹೊತ್ತು ತಂದು, ಸುಂಕದ ಅಧಿಕಾರಿಗಳ ವಿಚಾರಣೆಗೆ ಒಳಗಾದರು. ಆಗ ಊರಿನವರೇ ಮುಂದೆ ಬಂದು ಅವರಿಗೆ ನೆರವಾದರು. ಕಡೆಯ ಪಂದ್ಯದಲ್ಲಿ ಅಮೆರಿಕದವರು ಇಂಗ್ಲೆಂಡನ್ನು 19-6ರಿಂದ ಸೋಲಿಸಿದರು. ಅಂದು ಚಂದಾ ಎತ್ತಿ ಪಂದ್ಯ ನಡೆಸಿದ ಡೆಬೊರಾ ಗ್ರಿಫಿನ್ ಅವರೇ 2025ರಲ್ಲಿ ಇಂಗ್ಲೆಂಡಿನ ರಗ್ಬಿ ಸಂಘಕ್ಕೆ ಅಧ್ಯಕ್ಷೆಯಾದರು. ಆ ಪದವಿಗೆ ಬಂದ ಹೆಂಗಸರಲ್ಲಿ ಅವರೇ ಮೊದಲಿಗರು.

ಈ ಆಟವನ್ನರಿಯದ ವಾಚಕರಿಗಾಗಿ ಇಲ್ಲಿ ಎರಡು ಮಾತು ಹೇಳಬೇಕು. ಒಂದೊಂದು ಪಕ್ಷಕ್ಕೆ 15 ಮಂದಿ. ಆಟದ ಕಾಲ 80 ನಿಮಿಷ. ಚೆಂಡು ದುಂಡಗಿರದೆ, ಸುಲಿಯದ ತೆಂಗಿನಕಾಯಿಯಂತೆ ಉದ್ದಕ್ಕಿರುವುದು. ಅದನ್ನು ಕಂಕುಳಲ್ಲಿಟ್ಟುಕೊಂಡು ಓಡಿ, ಎದುರಾಳಿಗಳ ಗಡಿಗೆರೆಯನ್ನು ದಾಟಿ ನೆಲಕ್ಕೆ ಮುಟ್ಟಿಸಿದರೆ ಐದು ಅಂಕ. ಬಳಿಕ ಕಂಬಗಳ ನಡುವೆ ಒದ್ದು ಹಾಯಿಸಿದರೆ ಇನ್ನೆರಡು. ಓಡುವವಳನ್ನು ನಮ್ಮ ಕಬಡ್ಡಿಯಲ್ಲಿ ಹಿಡಿಯುವಂತೆ ತೋಳಿನಿಂದ ಬಳಸಿ ಕೆಡವಬಹುದು. ಆದರೆ ಹೆಗಲಿಗಿಂತ ಮೇಲೆ ಹಿಡಿಯುವುದು ಅಪರಾಧ. ಸಣ್ಣ ತಪ್ಪುಗಳಾದಾಗ ಎರಡೂ ಕಡೆಯ ಎಂಟೆಂಟು ಮಂದಿ ಹೋರಿಗಳಂತೆ ತಲೆ ತಗ್ಗಿಸಿ, ಹೆಗಲಿಗೆ ಹೆಗಲು ಕೊಟ್ಟು ಒತ್ತಿ, ನಡುವೆ ಬಿದ್ದ ಚೆಂಡಿಗಾಗಿ ಸೆಣಸುವರು. ಎಲ್ಲಕ್ಕಿಂತ ವಿಚಿತ್ರವಾದ ನಿಯಮವೊಂದುಂಟು. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕಕ್ಕಾಗಲಿ ಹಿಂದಕ್ಕಾಗಲಿ ಮಾತ್ರ ಕೊಡಬಹುದು.

“ಮುಂದೆ ಹೋಗಬೇಕಾದ ಆಟದಲ್ಲಿ ಹಿಂದಕ್ಕೇಕೆ ಎಸೆಯಬೇಕು?” ಎಂದು ನಾವು ಕೇಳಿದೆವು.

“ಅದೇ ಆಟ ಚಿಕ್ಕಪ್ಪ. ಹಿಂದೆ ಯಾರು ಬರುತ್ತಿದ್ದಾರೆಂದು ಗೊತ್ತಿಲ್ಲದವಳು ಮುಂದೆ ಹೋಗಲಾರಳು” ಎಂದಳು.

ಅವಳು ಆಡುವುದು ತನ್ನ ಕಾಲೇಜಿನ ಪಡೆಯಲ್ಲಿ, ವಿನೋದಕ್ಕಾಗಿ. ಆದರೆ ಅವಳ ಜೊತೆಯವರಲ್ಲಿ ಕೆಲವರಿಗೆ ವೇಲ್ಸಿನ ಕೆಂಪು ಅಂಗಿಯನ್ನು ತೊಡಬೇಕೆಂಬ ಆಸೆಯಿತ್ತು. ಕಾಲೇಜಿನ ಬಯಲಿಗೂ ದೇಶದ ಪಡೆಗೂ ನಡುವೆ ಇರುವ ಕಂದಕವನ್ನು ದಾಟಿಸಲೆಂದು ಮೂರು ನಾಡುಗಳು ಕೂಡಿ ಕಟ್ಟಿದ ಸೇತುವೆಯೇ ‘ಕೆಲ್ಟಿಕ್ ಚಾಲೆಂಜ್’ ಎಂಬ ಪಂದ್ಯಾವಳಿ. ಅದನ್ನು ನೋಡಿಕೊಂಡು ಹೋಗಿ ಅಪ್ಪನಿಗೆ ಏನು ಬೇಕಾದರೂ ಹೇಳಿರಿ ಎಂದು ಅವಳು ಹಟ ಹಿಡಿದಳು. ನಮ್ಮ ಪ್ರವಾಸದ ದಾರಿ ಹೀಗೆ ತಿರುಗಿತು.

ಈ ಪಂದ್ಯಾವಳಿಯ ಹುಟ್ಟಿಗೆ ಕಾರಣವನ್ನು ತಿಳಿಯಬೇಕಾದರೆ ನೆರೆಯ ಇಂಗ್ಲೆಂಡನ್ನು ನೋಡಬೇಕು. ಅಲ್ಲಿ 2019ರ ಜನವರಿಯಿಂದ 28 ಮಂದಿ ಆಟಗಾರ್ತಿಯರಿಗೆ ಪೂರ್ಣಕಾಲದ ಸಂಬಳವನ್ನು ಗೊತ್ತುಮಾಡಿದರು. ಊರೂರಿನ ಕ್ಲಬ್ಬುಗಳ ನಡುವೆ ಬಲವಾದ ಪಂದ್ಯಾವಳಿಯೂ ಅಲ್ಲಿದೆ. ವೇಲ್ಸಿನವರು ಮೊದಲ 12 ಮಂದಿಗೆ ಪೂರ್ಣ ಸಂಬಳ ಕೊಟ್ಟುದು 2022ರ ಆರಂಭದಲ್ಲಿ; ಐರ್ಲೆಂಡು ಸ್ಕಾಟ್‌ಲೆಂಡುಗಳು ಅದೇ ವರ್ಷದ ಕೊನೆಗೆ ಆ ದಾರಿಯನ್ನು ಹಿಡಿದವು. ಅಷ್ಟರಲ್ಲಿ ವೇಲ್ಸ್, ಸ್ಕಾಟ್‌ಲೆಂಡುಗಳ ಅತ್ಯುತ್ತಮ ಆಟಗಾರ್ತಿಯರು ಗಡಿಯನ್ನು ದಾಟಿ ಇಂಗ್ಲೆಂಡಿನ ಕ್ಲಬ್ಬುಗಳನ್ನು ಸೇರುವುದು ರೂಢಿಯಾಗಿತ್ತು. ಹೋದವರಿಗೆ ಒಳ್ಳೆಯದೇ ಆಯಿತು. ಊರಿನಲ್ಲಿ ಉಳಿದ ಹದಿನೆಂಟು ಇಪ್ಪತ್ತರ ಹರೆಯದ ಹುಡುಗಿಯರು ಮಾತ್ರ ಶನಿವಾರದ ಕ್ಲಬ್ಬಿನ ಆಟದಿಂದ ಒಮ್ಮೆಲೇ ಇಂಗ್ಲೆಂಡು ಫ್ರಾನ್ಸುಗಳ ಎದುರಿಗೆ ನಿಲ್ಲಬೇಕಾಗುತ್ತಿತ್ತು. ಈಜು ಕಲಿಯುವವರನ್ನು ಕೆರೆಯ ಮೆಟ್ಟಿಲಿನಿಂದ ಇಳಿಸದೆ ನೇರವಾಗಿ ಕಾವೇರಿಯ ಮಡುವಿಗೆ ನೂಕಿದಂತೆ.

ಆದಕಾರಣ ವಿಶ್ವ ರಗ್ಬಿ ಸಂಸ್ಥೆಯ ಧನಸಹಾಯದಿಂದ 2023ರ ಜನವರಿಯಲ್ಲಿ ಮೂರು ನಾಡುಗಳೂ ಒಂದೊಂದು ಪಡೆಯನ್ನು ಕಟ್ಟಿ ಪರಸ್ಪರ ಆಡಿಸಿದವು. ಆ ಮೊದಲ ಸಲ ಗೆದ್ದವರು ಐರ್ಲೆಂಡಿನ ನಾಲ್ಕು ಪ್ರಾಂತಗಳ ಕೂಡುಪಡೆಯವರು. ಮುಂದಿನ ಚಳಿಗಾಲಕ್ಕೆ ಪಡೆಗಳು ಆರಾದವು. ವೇಲ್ಸಿನ ಪೂರ್ವಭಾಗದವರಿಗೆ ‘ಗ್ವಾಲಿಯಾ ಲೈಟ್ನಿಂಗ್’, ಪಶ್ಚಿಮ ಮತ್ತು ಉತ್ತರದವರಿಗೆ ‘ಬ್ರಿಥಾನ್ ಥಂಡರ್’ ಎಂಬ ಹೆಸರುಗಳನ್ನಿಟ್ಟರು. ಗ್ವಾಲಿಯಾ ಎಂಬುದು ವೇಲ್ಸ್ ನಾಡಿನ ಹಳೆಯ ಕಾವ್ಯನಾಮ. ಬ್ರಿಥಾನ್ ಎಂದರೆ ಅವರ ಪೂರ್ವಿಕ ಜನಾಂಗದ ಹೆಸರು. ಹೀಗೆ ಒಂದು ನಾಡಿಗೆ ಮಿಂಚೂ ಗುಡುಗೂ ಎರಡೂ ಸಿಕ್ಕಿದಂತಾಯಿತು. ಸ್ಕಾಟ್‌ಲೆಂಡಿನಿಂದ ಎಡಿನ್‌ಬರೋ, ಗ್ಲಾಸ್ಗೋ ನಗರಗಳ ಪಡೆಗಳು. ಐರ್ಲೆಂಡಿನಿಂದ ‘ವುಲ್ಫ್‌ಹೌಂಡ್ಸ್’ ಮತ್ತು ‘ಕ್ಲೋವರ್ಸ್’: ಒಂದು ಆ ನಾಡಿನ ಪ್ರಸಿದ್ಧವಾದ ಬೇಟೆನಾಯಿ, ಇನ್ನೊಂದು ಅವರ ಮೂರೆಲೆಯ ಸೊಪ್ಪು.

ನಮ್ಮ ಹಳ್ಳಿಯ ಕಡೆ ಭತ್ತವನ್ನು ನೇರವಾಗಿ ದೊಡ್ಡ ಗದ್ದೆಗೆ ಚೆಲ್ಲುವುದಿಲ್ಲ. ಮೊದಲು ಸಣ್ಣ ಸಸಿಮಡಿಯಲ್ಲಿ ಒತ್ತಾಗಿ ಬೆಳೆಸಿ, ಬೇರು ಕಚ್ಚಿದ ಮೇಲೆ ಕಿತ್ತು ನಾಟಿ ಮಾಡುವರು. ಸಸಿಮಡಿಯಲ್ಲಿ ಯಾರೂ ಕಾಳನ್ನು ನಿರೀಕ್ಷಿಸುವುದಿಲ್ಲ. ಈ ಆರು ಪಡೆಗಳ ಆಟವೂ ಅಂಥದೇ. ಡಿಸೆಂಬರಿನಿಂದ ಮಾರ್ಚಿಯವರೆಗೆ ಇಲ್ಲಿ ಬೆಳೆದವರನ್ನು ಆರಿಸಿ, ವಸಂತದಲ್ಲಿ ನಡೆಯುವ ಆರು ನಾಡುಗಳ ಪಂದ್ಯಾವಳಿಗೆ ನಾಟಿ ಮಾಡುವರು.

ಕಾರ್ಡಿಫಿನಿಂದ ಎಡಿನ್‌ಬರೋವಿಗೆ ರೈಲಿನಲ್ಲಿ ಹೆಚ್ಚುಕಡಮೆ ಒಂದು ಹಗಲಿನ ಪ್ರಯಾಣ. ಅಲ್ಲಿ ಹಗಲೆಂಬುದೇ ಅಲ್ಪ. ಸಂಜೆ ನಾಲ್ಕರ ವೇಳೆಗೆ ದೀಪ ಹಚ್ಚುವರು. ಬಂಡೆಯ ಮೇಲಿನ ಕೋಟೆಯನ್ನೂ ಹಳೆಯ ಬೀದಿಗಳನ್ನೂ ಇತರರು ವರ್ಣಿಸಿರುವುದರಿಂದ ನಾವು ಅವನ್ನು ಬಿಟ್ಟು, ಊರಿನ ಉತ್ತರಕ್ಕಿರುವ ರೇಬರ್ನ್ ಪ್ಲೇಸ್ ಎಂಬ ಬಯಲಿನ ವಿಚಾರವನ್ನು ಹೇಳುವೆವು. 1871ರ ಮಾರ್ಚ್ 27ರಂದು ದೇಶದೇಶಗಳ ನಡುವಣ ಮೊದಲ ರಗ್ಬಿ ಪಂದ್ಯವು, ಸ್ಕಾಟ್‌ಲೆಂಡು ಮತ್ತು ಇಂಗ್ಲೆಂಡಿನ ಗಂಡಸರ ನಡುವೆ, ನಡೆದುದು ಇಲ್ಲಿಯೇ. ಈ ಎರಡು ನಾಡುಗಳು ಈಗಲೂ ಸೆಣಸುವ ‘ಕಲ್ಕತ್ತಾ ಕಪ್’ಗಾಗಿ ಮೊದಲ ಪಂದ್ಯವೂ 1879ರಲ್ಲಿ ಇದೇ ಬಯಲಿನಲ್ಲಿ ನಡೆಯಿತು. ಆ ಬಟ್ಟಲಿನ ಬೆಳ್ಳಿ ನಮ್ಮ ದೇಶದ್ದು. ಕಲ್ಕತ್ತೆಯ ರಗ್ಬಿ ಕ್ಲಬ್ಬು ಮುಚ್ಚಿದಾಗ ಅದರ ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿಯ ರೂಪಾಯಿಗಳನ್ನು ಕರಗಿಸಿ, ನಾಗರಹಾವಿನ ಹಿಡಿಗಳನ್ನೂ ಮುಚ್ಚಳದ ಮೇಲೆ ಆನೆಯನ್ನೂ ಇಟ್ಟು ಮಾಡಿಸಿದರು. ಈ ಕಥೆಯನ್ನು ಕೇಳಿ ನಮ್ಮ ಮನೆಯವರು, “ನಮ್ಮ ರೂಪಾಯಿ ಕರಗಿಸಿ ಇವರು ಆಡುತ್ತಾರೆ, ನಮ್ಮ ಹುಡುಗಿ ಆಡಿದರೆ ಮಾತ್ರ ತಪ್ಪೇ?” ಎಂದರು. ಚಕ್ಕುಲಿಯ ಡಬ್ಬ ಖಾಲಿಯಾಗುವ ಮೊದಲೇ ಅವರು ಪಕ್ಷವನ್ನು ಬದಲಾಯಿಸಿದ್ದುದು ನಮಗೆ ಗೊತ್ತಾಯಿತು.

ಹೆಂಗಸರ ಚರಿತ್ರೆಯಲ್ಲಿಯೂ ಈ ಬಯಲಿಗೆ ಸ್ಥಾನವುಂಟು. ಸ್ಕಾಟ್‌ಲೆಂಡಿನ ಮಹಿಳೆಯರು ತಮ್ಮ ಮೊದಲ ಅಂತರರಾಷ್ಟ್ರೀಯ ಪಂದ್ಯವನ್ನು 1993ರ ಫೆಬ್ರವರಿಯಲ್ಲಿ ಇಲ್ಲಿಯೇ ಐರ್ಲೆಂಡಿನೊಡನೆ ಆಡಿ 10-0ಯಿಂದ ಗೆದ್ದರು. ಮರುವರ್ಷ ಹಾಲೆಂಡಿನಲ್ಲಿ ನಡೆಯಬೇಕಾಗಿದ್ದ ವಿಶ್ವಕಪ್ ಪಂದ್ಯಾವಳಿಯು ಕೊನೆಯ ಗಳಿಗೆಯಲ್ಲಿ ರದ್ದಾಗಲು, ಆಡಲು ತೊಡಗಿ ಒಂದು ವರ್ಷವಷ್ಟೇ ಆಗಿದ್ದ ಈ ಸ್ಕಾಟ್ ಮಹಿಳೆಯರು ಸುಮಾರು 90 ದಿನಗಳಲ್ಲಿ ಎಲ್ಲ ಏರ್ಪಾಡುಗಳನ್ನೂ ಮಾಡಿ, 1994ರ ಏಪ್ರಿಲಿನಲ್ಲಿ ಅದನ್ನು ತಮ್ಮ ನಾಡಿನಲ್ಲಿಯೇ ನಡೆಸಿದರು. ಮದುವೆಯ ಮನೆಯವರು ಕೈ ಬಿಟ್ಟಾಗ ನೆರೆಮನೆಯವರು ಚಪ್ಪರ ಹಾಕಿ ಅಡಿಗೆ ಮಾಡಿ ಬಡಿಸಿದಂತಾಯಿತು.

ಈಗ ಎಡಿನ್‌ಬರೋ ಪಡೆಯವರು ಆಡುವುದು ‘ಹೈವ್’, ಎಂದರೆ ಜೇನುಗೂಡು, ಎಂಬ ಸಣ್ಣ ಕ್ರೀಡಾಂಗಣದಲ್ಲಿ. ಅದರ ಪಕ್ಕದಲ್ಲಿಯೇ 67,000 ಮಂದಿ ಕೂರಬಹುದಾದ ಮರೀಫೀಲ್ಡ್ ಕ್ರೀಡಾಂಗಣವು ಬೆಟ್ಟದಂತೆ ನಿಂತಿರುವುದು. ಇಲ್ಲಿ ಆಡುವ ಹುಡುಗಿಯರು ತಲೆ ಎತ್ತಿದಾಗಲೆಲ್ಲ ಅದು ಕಾಣುವುದು. ನಾವು ನೋಡಿದ ಪಂದ್ಯವು ಎಡಿನ್‌ಬರೋವಿಗೂ ವೇಲ್ಸಿನ ಎರಡು ಪಡೆಗಳಲ್ಲೊಂದಕ್ಕೂ ನಡೆದುದು. ಅಂಕಗಳ ಲೆಕ್ಕವನ್ನು ಒಪ್ಪಿಸುವುದು ಈ ಲೇಖನದ ಉದ್ದೇಶವಲ್ಲ. ಬಂದಿದ್ದವರಲ್ಲಿ ಬಹುಭಾಗ ತಂದೆತಾಯಿಗಳು, ತಮ್ಮ ತಂಗಿಯರು, ಕ್ಲಬ್ಬಿನ ಹಳಬರು. ಮಳೆ ಅಡ್ಡಡ್ಡಲಾಗಿ ಬೀಳುತ್ತಿತ್ತು. ಹತ್ತು ನಿಮಿಷಗಳಲ್ಲಿ ಯಾರ ಅಂಗಿಯ ಬಣ್ಣ ಯಾವುದೆಂಬುದು ತಿಳಿಯದಂತೆ ಎಲ್ಲರೂ ಕೆಸರಾದರು. ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆ ನೆನಪಾಯಿತು. ಇವರಿಗೆ ಆ ಮೊಸರು ಎಷ್ಟು ಸಿಕ್ಕುವುದೆಂದು ನಮ್ಮ ಪಕ್ಕದಲ್ಲಿ ಕುಳಿತಿದ್ದ ಒಬ್ಬ ತಾಯಿಯನ್ನು ಕೇಳಿದೆವು.

ಆಕೆ ಕಂಬಳಿಯನ್ನು ಹೊದೆದು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ಕುಡಿಯುತ್ತಿದ್ದರು. ಕೆಲವರಿಗೆ ಸಂಘದ ಸಂಬಳವಿದೆ, ಉಳಿದವರು ಓದುವವರು, ಕೆಲಸಕ್ಕೆ ಹೋಗುವವರು ಎಂದು ತಿಳಿಸಿದರು. ಅವರ ಮಗಳು ಬೆಳಿಗ್ಗೆ ಐದಕ್ಕೆ ಎದ್ದು ಅಂಗಸಾಧನೆ ಮಾಡಿ, ಹಗಲು ದುಡಿದು, ರಾತ್ರಿ ಅಭ್ಯಾಸಕ್ಕೆ ಹೋಗುವಳಂತೆ. “ನಿಮಗೆ ಭಯವಾಗುವುದಿಲ್ಲವೇ?” ಎಂದು ನಮ್ಮ ಮನೆಯವರು ಕೇಳಿದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಪ್ರತಿ ವಾರವೂ ಆಗುತ್ತದೆ. ಆದರೆ ನನ್ನ ಕಾಲದಲ್ಲಿ ಹೆದರಿಕೊಳ್ಳಲು ಸಹ ನಮಗೆ ಯಾರೂ ಅವಕಾಶ ಕೊಡಲಿಲ್ಲ” ಎಂದರು.

ಆ ಮಾತು ಮುಗಿದು ಬಹಳ ಹೊತ್ತಾಗಿರಲಿಲ್ಲ. ಇಬ್ಬರು ಹುಡುಗಿಯರು ಡಿಕ್ಕಿಯಾಗಿ, ಒಬ್ಬಳು ಎದ್ದವಳು ಹೆಜ್ಜೆ ತಪ್ಪಿ ಮತ್ತೆ ಕುಳಿತಳು. ಆಟ ನಿಂತಿತು. ವೈದ್ಯರು ಓಡಿ ಬಂದರು. ಬೆಂಚುಗಳಲ್ಲಿ ಕುಳಿತಿದ್ದ ಅಷ್ಟೂ ತಾಯಂದಿರು ಒಮ್ಮೆಗೇ ಮೌನವಾದುದನ್ನು ನಾವು ಮರೆಯಲಾರೆವು. ಆ ಹುಡುಗಿ ತಾನು ಆಡಬಲ್ಲೆನೆಂದು ತಲೆಯಾಡಿಸಿದಳು, ವೈದ್ಯರು ಕೇಳಲಿಲ್ಲ, ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದರು. ತಲೆಗೆ ಪೆಟ್ಟು ಬಿದ್ದ ಸಂದೇಹವಿದ್ದರೆ ಆಡಿಸಬಾರದೆಂಬುದು ಈಗಿನ ಕಟ್ಟುನಿಟ್ಟಾದ ನಿಯಮ. ಹಲ್ಲುಗಳಿಗೆ ಹಾಕಿಕೊಳ್ಳುವ ಕವಚದಲ್ಲಿ ಒಂದು ಪುಟ್ಟ ಯಂತ್ರವನ್ನಿಟ್ಟು ಪೆಟ್ಟಿನ ರಭಸವನ್ನು ಅಳೆಯುವ ಪದ್ಧತಿಯೂ 2024ರಿಂದ ಉನ್ನತ ದರ್ಜೆಯ ಪಂದ್ಯಗಳಲ್ಲಿ ಬಂದಿದೆ. ಇದೆಲ್ಲ ಇದ್ದರೂ ಅಪಾಯವಿಲ್ಲವೆಂದು ಹೇಳಿದರೆ ಸುಳ್ಳಾಗುವುದು. ಮೊಣಕಾಲಿನೊಳಗಿನ ಕಟ್ಟು ಹರಿಯುವುದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚೆಂದು ವೈದ್ಯರೇ ಹೇಳುವರು. ಹರಿದರೆ ಬಹುಕಾಲ ಮನೆಯಲ್ಲಿಯೇ ಕೂರಬೇಕು. ಅಣ್ಣನವರ ಭಯವು ಹುಚ್ಚು ಭಯವಲ್ಲವೆಂಬುದನ್ನು ಆ ಸಂಜೆ ನಾವು ಒಪ್ಪಿಕೊಂಡೆವು.

ಸ್ಕಾಟ್‌ಲೆಂಡಿನ ಪಶ್ಚಿಮದ ಕರೆಯಿಂದ ಹಡಗಿನಲ್ಲಿ ಎರಡು ಗಂಟೆಗೂ ಸ್ವಲ್ಪ ಹೆಚ್ಚಿನ ಕಾಲ ಸಾಗಿ ಬೆಲ್‌ಫಾಸ್ಟ್ ನಗರವನ್ನು ಸೇರಿದೆವು. ಅಲ್ಲಿಂದ ರೈಲಿನಲ್ಲಿ ದಕ್ಷಿಣಕ್ಕೆ ಡಬ್ಲಿನ್. ಬೆಲ್‌ಫಾಸ್ಟ್ ಬ್ರಿಟನ್ನಿನ ರಾಜ್ಯಕ್ಕೆ ಸೇರಿದುದು. ಡಬ್ಲಿನ್ ಸ್ವತಂತ್ರ ಐರ್ಲೆಂಡಿನ ರಾಜಧಾನಿ. ನಡುವೆ ಗಡಿಯಿದೆ. ಎರಡೂ ನಾಡುಗಳ ಅಪ್ಪಣೆಯ ಪತ್ರಗಳನ್ನು ನಾವು ಜೇಬಿನಲ್ಲಿ ಸಿದ್ಧವಾಗಿಟ್ಟುಕೊಂಡು ಕಾಯುತ್ತ ಕುಳಿತಿದ್ದೆವು. ಯಾರೂ ಕೇಳಲಿಲ್ಲ. ಗಡಿ ಯಾವಾಗ ದಾಟಿತೆಂಬುದೂ ತಿಳಿಯಲಿಲ್ಲ. ಹಸುರು ಹೊಲಗಳೂ ಕಲ್ಲಿನ ಬೇಲಿಗಳೂ ಹಾಗೆಯೇ ಮುಂದುವರಿದವು. ಡಬ್ಲಿನ್ನಿನಲ್ಲಿ ಚಹಾಕ್ಕೆ ಪೌಂಡು ಕೊಡಹೋದಾಗ ಅಂಗಡಿಯವಳು ನಕ್ಕು ಯೂರೋ ಕೇಳಿದಳು; ಆಗಲೇ ನಮಗೆ ಬೇರೆ ರಾಜ್ಯಕ್ಕೆ ಬಂದಿರುವೆವೆಂಬ ಅರಿವಾದುದು. ಈ ಗಡಿಯ ಎರಡು ಕಡೆಯಲ್ಲಿಯೂ ರಕ್ತ ಹರಿದ ದಶಕಗಳ ಕಥೆ ಲೋಕಕ್ಕೆಲ್ಲ ಗೊತ್ತು. ಆ ಕಾಲದಲ್ಲಿಯೂ ರಗ್ಬಿಯಲ್ಲಿ ಮಾತ್ರ ಐರ್ಲೆಂಡು ಎರಡಾಗಲಿಲ್ಲ. ಇಡೀ ದ್ವೀಪಕ್ಕೆ ಒಂದೇ ಪಡೆ. ಎರಡು ಕಡೆಯವರೂ ಕೂಡಿ ಹಾಡಬಹುದಾದ ಒಂದು ಹಾಡನ್ನು ಕೂಡ 1995ರಲ್ಲಿ ಬರೆಸಿಕೊಂಡರು.

ವುಲ್ಫ್‌ಹೌಂಡ್ಸ್ ಪಡೆಯು ಈ ಮಾತಿಗೆ ಕಣ್ಣೆದುರಿನ ಸಾಕ್ಷಿ. ಡಬ್ಲಿನ್ ಇರುವ ಲೆನ್‌ಸ್ಟರ್ ಮತ್ತು ಬೆಲ್‌ಫಾಸ್ಟ್ ಇರುವ ಅಲ್‌ಸ್ಟರ್ ಪ್ರಾಂತಗಳ ಹುಡುಗಿಯರನ್ನು ಒಟ್ಟಿಗೆ ಸೇರಿಸಿ ಇದನ್ನು ಕಟ್ಟಿರುವರು. ಮನ್‌ಸ್ಟರ್, ಕಾನಕ್ಟ್ ಎಂಬ ಉಳಿದೆರಡು ಪ್ರಾಂತಗಳಿಂದ ಕ್ಲೋವರ್ಸ್. ಅಲ್‌ಸ್ಟರಿನ ಎನ್ನಿಸ್ಕಿಲ್ಲನ್ ಎಂಬ ಊರಿನಲ್ಲಿ 1880ರ ದಶಕದಲ್ಲಿಯೇ ಎಮಿಲಿ ವ್ಯಾಲೆಂಟೈನ್ ಎಂಬ ಪುಟ್ಟ ಹುಡುಗಿ, ಅಣ್ಣಂದಿರ ಶಾಲೆಯ ಪಡೆಯಲ್ಲಿ ಒಬ್ಬ ಕಡಮೆಯಾದನೆಂದು ಒಳಗೆ ನುಗ್ಗಿ ಆಡಿ ಅಂಕ ಗಳಿಸಿದಳೆಂಬುದು ಆಕೆಯೇ ಬರೆದಿಟ್ಟ ನೆನಪುಗಳಿಂದ ತಿಳಿಯುವುದು. ರಗ್ಬಿ ಆಡಿದ ಹೆಣ್ಣುಮಕ್ಕಳಲ್ಲಿ ಹೆಸರು ತಿಳಿದಿರುವ ಮೊದಲಿಗಳು ಆಕೆಯೆಂದು ಹೇಳುವರು.

ಐರ್ಲೆಂಡಿನ ಮಹಿಳೆಯರ ಕಥೆ ಏರುಪೇರಿನದು. 2013ರಲ್ಲಿ ಆರು ನಾಡುಗಳ ಪಂದ್ಯಗಳೆಲ್ಲವನ್ನೂ ಗೆದ್ದರು. 2014ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡನ್ನು 17-14ರಿಂದ ಸೋಲಿಸಿ ಲೋಕವನ್ನು ಬೆರಗುಗೊಳಿಸಿದರು. ಗೆದ್ದ ಹೆಮ್ಮೆಯಲ್ಲಿ ಸಸಿಮಡಿಯ ಚಿಂತೆಯನ್ನು ಯಾರೂ ಮಾಡಿರಲಿಲ್ಲವೆಂದು ಕಾಣುವುದು. 2021ರಲ್ಲಿ ಸ್ಕಾಟ್‌ಲೆಂಡಿಗೆ 18-20ರಿಂದ ಸೋತು, ಮುಂದಿನ ವಿಶ್ವಕಪ್ಪಿಗೆ ಹೋಗುವ ಅರ್ಹತೆಯನ್ನೇ ಕಳೆದುಕೊಂಡರು. 2023ರಲ್ಲಿ ಆರು ನಾಡುಗಳ ಪಂದ್ಯಾವಳಿಯ ಐದೂ ಆಟಗಳನ್ನು ಸೋತು ಕಡೆಯವರಾದರು. ಅದೇ ವರ್ಷದ ಆರಂಭದಲ್ಲಿಯೇ ಕೆಲ್ಟಿಕ್ ಚಾಲೆಂಜ್ ತೊಡಗಿದ್ದುದು. ಮರುವರ್ಷ ಅವರು ಮೂರನೆಯ ಸ್ಥಾನಕ್ಕೇರಿದರು. 2024ರ ಸೆಪ್ಟೆಂಬರಿನಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ, ಆಟ ಮುಗಿಯಲು ಕ್ಷಣಗಳಿರುವಾಗ ಎರಿನ್ ಕಿಂಗ್ ಗೆರೆ ದಾಟಿ, ಡ್ಯಾನಾ ಓ’ಬ್ರಾಯನ್ ಚೆಂಡನ್ನು ಕಂಬಗಳ ನಡುವೆ ಒದ್ದು, ನ್ಯೂಜಿಲೆಂಡನ್ನು 29-27ರಿಂದ ಮತ್ತೊಮ್ಮೆ ಸೋಲಿಸಿದರು. ಸಂಬಳ, ಹೊಸ ಗುರುಗಳು, ಈ ಪಂದ್ಯಾವಳಿ, ಎಲ್ಲವೂ ಕೂಡಿ ಆದ ಕೆಲಸವಿದು. ಒಂದಕ್ಕೇ ಹಿರಿಮೆ ಕೊಡುವುದು ನ್ಯಾಯವಲ್ಲ. ಆದರೂ ಗೆದ್ದ ಹುಡುಗಿಯರಲ್ಲಿ ಹಲವರು ಈ ಮಡಿಯಲ್ಲಿ ಬೆಳೆದವರೆಂಬುದು ನಿಜ. ವುಲ್ಫ್‌ಹೌಂಡ್ಸ್ ಪಡೆಯಲ್ಲಿ ಆಡಿದ ಈಫಾ ವೇಫರ್ ಎಂಬ ತರುಣಿಯು 2025ರ ಆರು ನಾಡುಗಳ ಪಂದ್ಯಾವಳಿಯ ಶ್ರೇಷ್ಠ ಆಟಗಾರ್ತಿಯೆನಿಸಿಕೊಂಡಳು. ಆ ಪಡೆಯು 2024ರಲ್ಲಿಯೂ 2025ರಲ್ಲಿಯೂ ಕೆಲ್ಟಿಕ್ ಚಾಲೆಂಜನ್ನು ಗೆದ್ದಿತು.

ಡಬ್ಲಿನ್ನಿನ ಡೊನ್ನಿಬ್ರೂಕ್ ಬಡಾವಣೆಯ ಆಟದ ಬಯಲನ್ನು ನಾವು ನೋಡಿದುದು ಪಂದ್ಯವಿಲ್ಲದ ದಿನ. ಹುಡುಗಿಯೊಬ್ಬಳು ಒಬ್ಬಳೇ ಮಳೆಯಲ್ಲಿ ಕಂಬಗಳತ್ತ ಚೆಂಡನ್ನು ಒದೆಯುತ್ತ, ತಾನೇ ಓಡಿ ಹೋಗಿ ತರುತ್ತಿದ್ದಳು. ನಾವು ಅರ್ಧ ಗಂಟೆ ನಿಂತಿದ್ದೆವು. ಅವಳು ಒಮ್ಮೆಯೂ ನಮ್ಮ ಕಡೆ ತಿರುಗಲಿಲ್ಲ. ಯಾರ ಮನೆಯ ಮಗಳೋ, ಯಾವ ಪಡೆಯವಳೋ ತಿಳಿಯದು.

ಸಸಿಮಡಿ ಚೆನ್ನಾಗಿದ್ದ ಮಾತ್ರಕ್ಕೆ ಬೆಳೆ ಕೈಗೆ ಬಂದೇ ಬರುವುದೆಂಬ ನಂಬಿಕೆ ರೈತನಿಗಿಲ್ಲ. ನಾವು ಊರಿಗೆ ಹಿಂದಿರುಗಿದ ಮೇಲೆ, 2025ರ ಆಗಸ್ಟ್ ಸೆಪ್ಟೆಂಬರುಗಳಲ್ಲಿ ಇಂಗ್ಲೆಂಡಿನಲ್ಲಿ ವಿಶ್ವಕಪ್ ನಡೆಯಿತು. ಐರ್ಲೆಂಡೂ ಸ್ಕಾಟ್‌ಲೆಂಡೂ ಕಡೆಯ ಎಂಟರ ಘಟ್ಟವನ್ನು ಮುಟ್ಟಿದವು. ಐರ್ಲೆಂಡು ಫ್ರಾನ್ಸಿಗೆ 13-18ರಿಂದ ಸೋತು ಕಣ್ಣೀರಿಟ್ಟಿತು. ಸ್ಕಾಟ್‌ಲೆಂಡು ಇಂಗ್ಲೆಂಡಿಗೆ ಸೋತಿತು. ವೇಲ್ಸ್ ಮಾತ್ರ ತನ್ನ ಮೂರು ಆಟಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಕಡೆಯ ಪಂದ್ಯದಲ್ಲಿ ಇಂಗ್ಲೆಂಡು ಕೆನಡಾವನ್ನು 33-13ರಿಂದ ಸೋಲಿಸಿತು. ಅಂದು ಟ್ವಿಕನ್‌ಹ್ಯಾಮಿನ ಕ್ರೀಡಾಂಗಣದಲ್ಲಿ ಕಿಕ್ಕಿರಿದಿದ್ದವರು 81,885 ಮಂದಿ. ಆರ್ಮ್ಸ್ ಪಾರ್ಕಿನ ಆ ಮೊದಲ ವಿಶ್ವಕಪ್ಪಿನ ಕಾಲದಿಂದ ಇಲ್ಲಿಗೆ 34 ವರ್ಷ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬಂತೆ ಚಿಕ್ಕಂದಿನಲ್ಲಿಯೇ ಬೇಕಾದ ಅಭ್ಯಾಸವನ್ನು ಇಂಗ್ಲೆಂಡು ಮೊದಲು ಕೊಟ್ಟಿತು. ಉಳಿದ ನಾಡುಗಳು ತಡವಾಗಿ ತೊಡಗಿದವು. ತಡವಾದ ಬಿತ್ತನೆಗೆ ಮಳೆಯೂ ಬೇಕು, ತಾಳ್ಮೆಯೂ ಬೇಕು, ವರ್ಷವರ್ಷವೂ ತಪ್ಪದೆ ಹಣವೂ ಬೇಕು. ಮೊದಲೆರಡು ದೇವರ ಕೈಯಲ್ಲಿಯೂ ಮನುಷ್ಯರ ಮನಸ್ಸಿನಲ್ಲಿಯೂ ಇರುವುವು. ಮೂರನೆಯದು ಸಂಘಗಳ ತಿಜೋರಿಯಲ್ಲಿರುವುದು.

ನಮ್ಮ ದೇಶದ ಹೆಣ್ಣುಮಕ್ಕಳೂ ಈ ಆಟಕ್ಕೆ ಹೊಸಬರಲ್ಲವೆಂಬುದನ್ನು ನಾವು ಈ ಪ್ರವಾಸದಿಂದ ಬಂದ ಮೇಲೆಯೇ ತಿಳಿದೆವು. ಹದಿನೈದು ಮಂದಿಯ ಭಾರತೀಯ ಮಹಿಳಾ ಪಡೆಯು 2018ರಲ್ಲಿ ಸಿಂಗಪುರದಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯವನ್ನಾಡಿ, 2019ರಲ್ಲಿ ಮನಿಲಾ ನಗರದಲ್ಲಿ ಸಿಂಗಪುರವನ್ನು ಸೋಲಿಸಿ ಮೊದಲ ಗೆಲುವನ್ನು ಪಡೆಯಿತು.

ಅಣ್ಣನವರಿಗೆ ಕೊಟ್ಟ ಮಾತು ಬಾಕಿಯಿತ್ತು. ಡಬ್ಲಿನ್ನಿನಿಂದಲೇ ಅವರಿಗೊಂದು ಉದ್ದನೆಯ ಕಾಗದ ಬರೆದೆವು. ಜೇನುಗೂಡಿನ ಬಯಲಿನಲ್ಲಿ ಹೆಜ್ಜೆ ತಪ್ಪಿ ಕುಳಿತ ಹುಡುಗಿಯ ವಿಚಾರವನ್ನು ಮರೆಮಾಚಲಿಲ್ಲ. ಅವಳ ತೋಳು ಹಿಡಿದು ಹೊರಗೆ ಕರೆದೊಯ್ದ ವೈದ್ಯರ ವಿಚಾರವನ್ನೂ ಬರೆದೆವು. ಬುದ್ಧಿ ಹೇಳಿದೆವೆಂದೂ, ಆದರೆ ಹೇಳಿದ ಬುದ್ಧಿ ಬೇರೆಯಾಯಿತೆಂದೂ ತಿಳಿಸಿದೆವು: ಹಲ್ಲಿನ ಕವಚವಿಲ್ಲದೆ ಬಯಲಿಗಿಳಿಯಬಾರದು, ತಲೆಗೆ ಪೆಟ್ಟಾದರೆ ಮುಚ್ಚಿಡಬಾರದು, ಓದು ಕೆಡಬಾರದು, ಪ್ರತಿ ಆಟದ ಸಂಜೆಯೂ ತಂದೆಗೆ ಫೋನ್ ಮಾಡಬೇಕು. ಈ ನಾಲ್ಕಕ್ಕೂ ಅವಳು ಒಪ್ಪಿಕೊಂಡಳು. ಬಿಡಿಸುವುದು ಬಿಡುವುದು ತಮ್ಮ ಇಷ್ಟವೆಂದು ಮುಗಿಸಿದೆವು.

ಒಂದು ವಾರ ಉತ್ತರವಿಲ್ಲ. ನಮ್ಮ ಮೇಲೆ ಕೋಪ ಬಂದಿರಬೇಕೆಂದು ಅಂಜಿಕೊಂಡೇ ಊರಿಗೆ ಬಂದು ಅವರ ಮನೆಗೆ ಹೋದೆವು. ಅತ್ತಿಗೆಯವರು ಕಾಫಿ ತಂದಿಟ್ಟರು. ಅಣ್ಣನವರು ನಮ್ಮ ಕಾಗದವನ್ನು ಮಡಿಸಿ ಪಂಚಾಂಗದೊಳಗೆ ಇಟ್ಟುಕೊಂಡಿದ್ದರು. ಅದನ್ನು ತೆಗೆದು, ಕನ್ನಡಕವನ್ನು ಸರಿಪಡಿಸಿಕೊಂಡು, “ಎಲ್ಲ ಓದಿದೆ. ಒಂದು ಮಾತ್ರ ಅರ್ಥವಾಗಲಿಲ್ಲ. ಮುಂದೆ ಹೋಗಬೇಕಾದವರು ಚೆಂಡನ್ನು ಹಿಂದಕ್ಕೇಕೆ ಕೊಡಬೇಕು?” ಎಂದರು.

“ಅದನ್ನು ಆಡುವವರನ್ನೇ ಕೇಳಬೇಕಣ್ಣ” ಎಂದೆವು.

ಆ ಭಾನುವಾರ ತಂದೆ ಮಗಳು ಫೋನಿನಲ್ಲಿ ಒಂದು ಗಂಟೆಯ ಹೊತ್ತು ಮಾತನಾಡಿದರೆಂದು ಅತ್ತಿಗೆಯವರು ಆಮೇಲೆ ಹೇಳಿದರು.